ಶುಕ್ರವಾರದ ಶಟರು

ನಮ್ಮ ಸರ್ ಜೊತೆ ಜಗಳವಾಡುವುದು ಸುಲಭವಿರಲಿಲ್ಲ. ಅದಕ್ಕೆ ಸೀಮೆಸುಣ್ಣ ಬೇಕಾಗುತ್ತಿತ್ತು. ನೀವು ಒಂದು ಮಾತು ಆಡಿದಿರೋ, ಅವರು ಒಂದು ಸುತ್ತು ಎಳೆದು ನಿಮ್ಮ ಮಾತನ್ನು ಅದರೊಳಗೆ ಕೂರಿಸಿಬಿಡುತ್ತಿದ್ದರು. ಯಾರಾದರೂ ಎದುರು ಮಾತಾಡಿದರೆ ಪಕ್ಕದಲ್ಲಿ ಇನ್ನೊಂದು ಸುತ್ತು, ಅಲ್ಲಿಂದ ನಿಮ್ಮ ಮಾತಿಗೆ ಒಂದು ಬಾಣ. ಬಾಣ ತಗುಲಿದ ಮಾತು ಬಿದ್ದಂತೆ. ಆದರೆ ಆ ಬಾಣ ಬಿಟ್ಟ ಮಾತಿಗೇ ಇನ್ನೊಂದು ಬಾಣ ತಗುಲಿ ಅದು ಬಿದ್ದರೆ, ಮೊದಲು ಬಿದ್ದದ್ದು ಮೈಕೊಡವಿಕೊಂಡು ಎದ್ದು ಕೂರುತ್ತಿತ್ತು. ಯಾವ ಬಾಣವೂ ತಗುಲದ ಮಾತು ನಿಂತೇ ಇರುತ್ತಿತ್ತು. ಕಂಪ್ಯೂಟರಿಗೆ ವಾದ ಮಾಡುವುದನ್ನು ಕಲಿಸುವ ಶಾಸ್ತ್ರದಲ್ಲಿ ಇದು ಮೊದಲ ಪಾಠವಂತೆ. ನಾವು ಅದನ್ನು ಕಲಿತದ್ದು ದಾಂಡೇಲಿಯ ಒಂದು ಗ್ಯಾರೇಜಿನ ಶಟರಿನ ಮೇಲೆ.

ಸರ್ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಇಷ್ಟು ಬೇಗ ಬರೆಯಬಾರದು ಎಂದು ಹೇಳುವವರಿದ್ದಾರೆ. ಅವರ ಮಾತಿಗೆ ನನ್ನ ಬಳಿ ಬಾಣವಿದೆ: ತಡಮಾಡಿದರೆ ನಾನು ಅವರನ್ನು ದೊಡ್ಡ ಮನುಷ್ಯರನ್ನಾಗಿ ಮಾಡಿಬಿಡುತ್ತೇನೆ. ಅವರು ಹಾಗಿರಲಿಲ್ಲ. ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಮನೆಯೆಲ್ಲ ಕೊಡೆ ಹುಡುಕುವ ಪೈಕಿ.

ಹಳಿಯಾಳದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ವಿಭಾಗದಲ್ಲಿದ್ದರು. ನಾನು ಅಲ್ಲಿಯ ಕನ್ನಡ ಮೇಷ್ಟ್ರು. ಎಂಜಿನಿಯರಿಂಗ್ ಕಾಲೇಜಿನ ಕನ್ನಡ ಮೇಷ್ಟ್ರೆಂದರೆ ಎಲೆಯ ತುದಿಯ ಉಪ್ಪು. ಬಡಿಸುವುದು ಮೊದಲು, ಮುಟ್ಟುವವರು ಕಡಿಮೆ. ಇಬ್ಬರೂ ದಾಂಡೇಲಿಯಿಂದ ದಿನಾ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಅವರ ಎಡಗಿವಿ ಕೇಳುತ್ತಿರಲಿಲ್ಲ. ಹಾಗಾಗಿ ಯಾವಾಗಲೂ ಎಡಕ್ಕೆ ಕಿಟಕಿ, ಬಲಕ್ಕೆ ನಾನು. ಯೋಚಿಸುವಾಗ ತೋರುಬೆರಳಿನಿಂದ ಗಾಳಿಯಲ್ಲಿ ಸುತ್ತು ಎಳೆಯುವ ಅಭ್ಯಾಸ ಅವರಿಗೆ. ಹೊಸದಾಗಿ ಬಂದ ಕಂಡಕ್ಟರನೊಬ್ಬ ಅದನ್ನು ನೋಡಿ, "ಗಾಡಿ ತಿರುಗಸೂದಿಲ್ರಿ, ಏನ ಮರತೀರಿ ನಾಳೆ ತರ್ರಿ" ಅಂದಿದ್ದ.

ಅವರ ಪಿಎಚ್‌ಡಿಯ ವಿಷಯವೇ ಬದಲಾವಣೆ. ವಾದಗಳ ಒಂದು ಗುಂಪಿಗೆ ಹೊಸ ಮಾತೊಂದು ಬಂದು ಸೇರಿದರೆ ಯಾವುದು ಬೀಳುತ್ತದೆ, ಯಾವುದು ಏಳುತ್ತದೆ? ಎಲ್ಲವನ್ನೂ ಮೊದಲಿನಿಂದ ಲೆಕ್ಕ ಹಾಕಬೇಕೋ, ಹೊಸ ಬಾಣ ಹೋಗಿ ಮುಟ್ಟುವಷ್ಟನ್ನು ನೋಡಿದರೆ ಸಾಕೋ? ಮುಟ್ಟುವಷ್ಟೇ ಸಾಕು, ಉಳಿದದ್ದಕ್ಕೆ ಕೈ ಹಾಕಬೇಡಿ ಎಂಬುದು ಅವರ ಪಕ್ಷ. ಇದನ್ನು ಅವರು ಪುಸ್ತಕದಲ್ಲೇ ಬಿಟ್ಟು ಬಂದಿದ್ದರೆ ನಮಗೆ ತೊಂದರೆ ಇರಲಿಲ್ಲ. ಒಮ್ಮೆ ದಾರಿಯಲ್ಲಿ ಬಸ್ಸಿನ ಟೈರು ಒಡೆಯಿತು. ಪರೀಕ್ಷೆಯ ದಿನ. ನಾವೆಲ್ಲ ಕೆಳಗಿಳಿದು, ಇವತ್ತಿನ ದಿನವೇ ಕೆಟ್ಟಿತು ಎಂದು ಹಣೆ ಬಡಿದುಕೊಳ್ಳುತ್ತಿದ್ದೆವು. ಸರ್ ಒಳಗೇ ಕೂತು ಡಬ್ಬಿ ಬಿಚ್ಚಿ ಉಪ್ಪಿಟ್ಟು ತಿನ್ನುತ್ತಿದ್ದರು.

"ಸರ್, ನಿಮಗ ಉಪ್ಪಿಟ್ಟು ಹೆಂಗ ಇಳೀತೈತ್ರಿ?" ಎಂದು ನಾನು ರೇಗಿದೆ.

"ಕನ್ನಡ ಮಾಸ್ತರ್ರ, ಟೈರಿನಿಂದ ಉಪ್ಪಿಟ್ಟಿಗೆ ಬಾಣ ಎಲ್ಲಿ ಐತಿ ತೋರಸ್ರಿ" ಅಂದರು.

ಒಂದು ಚಮಚ ನನಗೂ ಕೊಟ್ಟರು. ಉಪ್ಪು ಕಡಿಮೆ ಇತ್ತು, ಆದರೆ ಅದಕ್ಕೂ ಟೈರಿಗೂ ಸಂಬಂಧವಿರಲಿಲ್ಲ.

ಕಾಲೇಜಿನ ಸಭೆಯೊಂದರಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಈ ಸಭೆಯೊಳಗ ಯಾರ ಮಾತನ್ನೂ ನಂಬಬ್ಯಾಡ್ರಿ" ಅಂದರು. ಸರ್ ಮೇಜಿನ ಬಟ್ಟೆಯ ಮೇಲೇ ಸುತ್ತು ಬರೆದು, ಅದರಿಂದ ಹೊರಟ ಬಾಣವನ್ನು ಬಳಸಿ ತಂದು ಅದಕ್ಕೇ ಚುಚ್ಚಿದರು. ತನಗೆ ತಾನೇ ಹೊಡೆದುಕೊಳ್ಳುವ ಮಾತು ಇದು, ಅಪರೂಪಕ್ಕೆ ಸಿಗುತ್ತದೆ ಎಂದು ಆ ಬಟ್ಟೆಯನ್ನು ಮನೆಗೆ ಒಯ್ಯಲು ಅನುಮತಿ ಕೇಳಿದರು. ಸಿಗಲಿಲ್ಲ.

ಕೆಲಸದ ಕೊನೆಯ ವರ್ಷಗಳಲ್ಲಿ ಅವರ ದೊಡ್ಡ ವೈರಿಯೆಂದರೆ ಹುಡುಗರ ಮೊಬೈಲಿನೊಳಗೆ ಮಾತಾಡುವ ಯಂತ್ರ. ಏನು ಕೇಳಿದರೂ ಉತ್ತರ ಕೊಡುತ್ತದೆ ಎಂದು ಹುಡುಗರು ಹೊಗಳಿದರು. ಸರ್ ಅದಕ್ಕೆ ಒಂದು ಲೆಕ್ಕ ಕೇಳಿದರು. ಸರಿಯಾದ ಉತ್ತರ ಬಂತು. ತಪ್ಪು ಅಂದರು. ಅದು ಕ್ಷಮೆ ಕೇಳಿ ಬೇರೆ ಉತ್ತರ ಕೊಟ್ಟಿತು. ಇದೂ ತಪ್ಪು ಅಂದರು. ಮತ್ತೆ ಕ್ಷಮೆ, ಮತ್ತೊಂದು ಉತ್ತರ. ಸಂಜೆ ಬಸ್ಸಿನಲ್ಲಿ ಅವರ ಮುಖ ನೋಡಲಾಗುತ್ತಿರಲಿಲ್ಲ. "ನಾ ಒಂದೂ ಬಾಣ ಬಿಟ್ಟಿಲ್ರಿ. ಬರೇ ಕಣ್ಣ ಕೆಂಪ ಮಾಡೇನಿ. ಅಷ್ಟಕ್ಕ ಬಿತ್ತು. ಇದಕ್ಕ ಬದಲಾಗೂದು ಅನ್ನೂದಿಲ್ಲ, ಹೆದರೂದು ಅಂತಾರ" ಎಂದರು. ಮನಸ್ಸು ಬದಲಿಸುವುದನ್ನು ಅವರಷ್ಟು ಮರ್ಯಾದೆಯಿಂದ ಕಂಡ ಇನ್ನೊಬ್ಬರನ್ನು ನಾನು ನೋಡಿಲ್ಲ. ಸರಿಯಾದ ಬಾಣ ಬಂದರೆ ಆ ಕ್ಷಣವೇ ಸೋಲುತ್ತಿದ್ದರು, ಅದೂ ಸಂತೋಷದಿಂದ. ಬಾಣವಿಲ್ಲದಿದ್ದರೆ ಜಿಲ್ಲಾಧಿಕಾರಿ ಬಂದರೂ ಅಲುಗಾಡುತ್ತಿರಲಿಲ್ಲ.

ಇನ್ನು ಶಟರಿನ ವಿಷಯ. ಸರ್ ಬಾಡಿಗೆಗಿದ್ದ ಹೆಂಚಿನ ಮನೆಯ ಪಕ್ಕದಲ್ಲೇ ದಸ್ತಗೀರ್ ಮೇಸ್ತ್ರಿಯ ಗ್ಯಾರೇಜು. ವಾರವಿಡೀ ಶಟರು ಮೇಲಿರುತ್ತಿತ್ತು. ಶುಕ್ರವಾರ ರಜೆ, ಆ ದಿನ ಶಟರು ಕೆಳಗೆ. ಅಂದರೆ ಬೀದಿಗೆ ಕಪ್ಪುಹಲಗೆ ಸಿಗುತ್ತಿದ್ದುದು ವಾರಕ್ಕೊಂದೇ ದಿನ. ಮೇಸ್ತ್ರಿ ಮಧ್ಯಾಹ್ನದ ನಮಾಜು ಮುಗಿಸಿ, ಊಟ ಮಾಡಿ, ಬಿಳಿ ಜುಬ್ಬಾದಲ್ಲಿ ಬಂದು ಹಳೆಯ ಟೈರಿನ ಮೇಲೆ ಕೂರುತ್ತಿದ್ದ. ಸಂಜೆ ನಾವು ಬಸ್ಸಿಳಿದು ನೇರ ಅಲ್ಲಿಗೇ. ವಾರವಿಡೀ ಕೂಡಿಟ್ಟ ಜಗಳಗಳು ಆಗ ಹೊರಬರುತ್ತಿದ್ದವು. ಮಿರ್ಚಿಭಜಿಗೆ ಚುರಮುರಿ ಬೇಕೋ ಬೇಡವೋ ಎಂಬುದರಿಂದ ಹಿಡಿದು ಮೇಸ್ತ್ರಿಯ ಮಗಳ ಮದುವೆಗೆ ಯಾರನ್ನು ಕರೆಯಬಾರದು ಎಂಬುದರ ತನಕ ಎಲ್ಲವೂ ಶಟರಿನ ಮೇಲೇ ತೀರ್ಮಾನವಾದದ್ದು. ಶಟರಿನ ಏರುತಗ್ಗಿನಲ್ಲಿ ಸರ್ ಬರೆದ ಸುತ್ತುಗಳೆಲ್ಲ ಬದನೆಕಾಯಿಯಂತೆ ಕಾಣುತ್ತಿದ್ದವು.

ಒಂದು ನಿಯಮವಿತ್ತು. ಸೋತ ಮಾತನ್ನು ಅಳಿಸುವಂತಿಲ್ಲ. ಯಾರಾದರೂ ನಾಚಿಕೆಪಟ್ಟು ತಮ್ಮ ಮಾತನ್ನು ಅಂಗೈಯಿಂದ ಒರೆಸಲು ಹೋದರೆ ಸರ್ ಕೈ ಹಿಡಿಯುತ್ತಿದ್ದರು. "ಇರಲಿ ಬಿಡ್ರಿ. ಹೊಡದದ್ದು ನಾಳೆ ಬಿದ್ರ ಇದು ಏಳಬೇಕಲ್ಲ. ಅಳಿಸಿದ್ರ ಯಾರು ಏಳಬೇಕು?"

ಮೇಸ್ತ್ರಿಗೆ ಮೊದಮೊದಲು ಇದೆಲ್ಲ ಹುಡುಗಾಟ. ಒಂದು ಸಂಜೆ ಸರ್ ತಮ್ಮ ಸಂಶೋಧನೆಯ ಕಷ್ಟದ ಭಾಗ ಹೇಳಿದರು: ಸೋತ ಮಾತೊಂದನ್ನು ಗೆಲ್ಲಿಸಲೇಬೇಕು ಎಂದಿದ್ದರೆ, ಕಡಿಮೆಯೆಂದರೆ ಎಷ್ಟು ಹೊಸ ಮಾತು ಸೇರಿಸಬೇಕು, ಎಲ್ಲಿ ಸೇರಿಸಬೇಕು? ಮೇಸ್ತ್ರಿ ಟೈರಿನಿಂದ ಎದ್ದ. "ಅಂದ್ರ ಪೂರಾ ಇಂಜಿನ್ ಇಳಸೂದಿಲ್ಲ. ಯಾವ ಒಂದು ಸಾಮಾನು ಹಾಕಿದ್ರ ಗಾಡಿ ಚಾಲೂ ಆಕ್ಕೈತಿ, ಅದನ್ನ ಹುಡಕೂದು. ಹೌದಲ್ರಿ ಸರ್ರ?" ಸರ್ ಅವನನ್ನು ಅಪ್ಪಿಕೊಂಡರು. ಜುಬ್ಬಾದ ತುಂಬ ಸೀಮೆಸುಣ್ಣ. ಅಂದಿನಿಂದ ಇಬ್ಬರನ್ನೂ ಬೇರ್ಪಡಿಸುವುದು ಯಾರಿಂದಲೂ ಆಗಲಿಲ್ಲ.

ಹೀಗಿರುವಾಗ ಸರ್ ನಿವೃತ್ತರಾದರು. ಮರುಶುಕ್ರವಾರವೇ ಶಟರಿನ ನಡುಮಧ್ಯೆ ದೊಡ್ಡದೊಂದು ಬದನೆಕಾಯಿ ಬರೆದು ಅದರೊಳಗೆ, "ನಾವು ದಾಂಡೇಲಿಯಲ್ಲೇ ಇರಬೇಕು" ಎಂದು ಬರೆದರು. ಪಕ್ಕದಲ್ಲಿ ಇನ್ನೊಂದು: "ಮಂಗಗಳು ಹೆಂಚು ಒಡೆಯುತ್ತವೆ." ಅಲ್ಲಿಂದ ಇಲ್ಲಿಗೆ ಬಾಣ. ವೈನಿಯ ಅಕ್ಕನ ಮನೆ ಧಾರವಾಡದಲ್ಲಿದೆ, ಗಟ್ಟಿ ಸ್ಲ್ಯಾಬಿನ ಮನೆ, ಅಕ್ಕ ಒಬ್ಬರೇ ಇದ್ದಾರೆ, ಅಲ್ಲಿಗೆ ಹೋಗಬಹುದು ಎಂದರು. ವೈನಿಯೆಂದರೆ ಸರ್ ಅವರ ಮನೆಯವರು, ಇಡೀ ಬೀದಿ ಅವರನ್ನು ಹಾಗೇ ಕರೆಯುತ್ತಿತ್ತು. "ಈ ತಿಂಗಳ ಕೊನೆಯ ಶುಕ್ರವಾರ ಶಟರು ಏನ ಹೇಳತೈತಿ ಅದರಂಗ ಮಾಡ್ತೇನಿ" ಎಂದು ಸರ್ ಕೈ ಝಾಡಿಸಿಕೊಂಡು ಒಳಗೆ ಹೋದರು.

ಮೇಸ್ತ್ರಿಯ ಮುಖ ಸಣ್ಣದಾಯಿತು. "ನಮ್ಮ ಮನ್ಯಾಗ ಯಾರೂ ನನ್ನ ಜೋಡಿ ವಾದ ಮಾಡೂದಿಲ್ರಿ" ಎಂದ. "ಹೂಂ ಅಂತಾರ, ಆಮ್ಯಾಲ ತಮಗ ಬೇಕಾದ್ದ ಮಾಡ್ತಾರ. ಸರ್ ಒಬ್ಬರ ನನ್ನ ಮಾತು ಬರಕೊಂಡು ಸುಳ್ಳು ಅಂತಾರ. ಅವರು ಹ್ವಾದ್ರ ನಾ ಏನ ಮಾಡಲಿ?" ನನ್ನ ಕಥೆಯೂ ಅದೇ. ಬಸ್ಸಿನ ಜೊತೆ ನಿವೃತ್ತಿಗೇ ಮುಗಿದಿತ್ತು, ಈಗ ಶುಕ್ರವಾರವೂ ಹೋದರೆ ವಾರದಲ್ಲಿ ಉಳಿಯುವುದೇನು? ಸರ್ ಅವರನ್ನು ಅವರ ಶಾಸ್ತ್ರದಿಂದಲೇ ಕಟ್ಟಿಹಾಕುವುದೆಂದು ನಾವಿಬ್ಬರೂ ನಿಶ್ಚಯಿಸಿದೆವು. ಮಂಗಗಳಿಗೆ ಒಂದೇ ಒಂದು ಬಾಣ. ಅಷ್ಟಾದರೆ ಸರ್ ಇಲ್ಲೇ.

ಮೇಸ್ತ್ರಿ ಚಿಗಳ್ಳಿಗೆ ಹೋಗಿ ಗಿರಾಕಿಯೊಬ್ಬನ ಗೋವಿನಜೋಳದ ಹೊಲದಲ್ಲಿ ಕಾವಲಿದ್ದ ಹುಲಿಗೊಂಬೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಒಂದು ಕಣ್ಣಿರಲಿಲ್ಲ, ಬಿಸಿಲಿಗೆ ಬಣ್ಣ ಹೋಗಿ ಹುಲಿ ತುಸು ಕರುವಿನ ಹಾಗೆ ಕಾಣುತ್ತಿತ್ತು. ಮಂಗಗಳಿಗೆ ಅಷ್ಟು ಸಾಕಾಯಿತು. ಹೆಂಚಿನ ಮೇಲೆ ಹುಲಿ ಕೂತ ಮರುದಿನದಿಂದ ಒಂದೂ ಬರಲಿಲ್ಲ. ಶುಕ್ರವಾರ ಮೇಸ್ತ್ರಿ ಹೆಮ್ಮೆಯಿಂದ ಹುಲಿಯ ಸುತ್ತು ಬರೆದು ಮಂಗಗಳಿಗೆ ಬಾಣ ಬಿಟ್ಟ. ಮಂಗಗಳು ಬಿದ್ದವು, "ಇಲ್ಲೇ ಇರಬೇಕು" ಎದ್ದು ಕೂತಿತು.

ಆದರೆ ಗಣೇಶಗುಡಿಯ ಹೋಮ್‌ಸ್ಟೇಯೊಂದರ ಜೀಪಿನ ಡ್ರೈವರ್, ಕಾಡೆಲ್ಲ ಸುತ್ತಿದರೂ ಹುಲಿ ಕಾಣದ ಪ್ರವಾಸಿಗರ ಸಿಟ್ಟು ತಣಿಸಲು ಅವರನ್ನು ನಮ್ಮ ಬೀದಿಗೆ ಕರೆತಂದ. ದೂರದಿಂದ ತೋರಿಸಿ, ಮಾತಾಡಬೇಡಿ ಎಂದು ಬಾಯಿಗೆ ಬೆರಳಿಟ್ಟುಕೊಂಡನಂತೆ. ಅವರು ಖುಷಿಯಾಗಿ ಹೋದರು. ಮರುದಿನ ಇನ್ನೆರಡು ಜೀಪು ಬಂದವು. ಅಂಗಳದಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ವೈನಿಯ ಫೋಟೋ ಹುಲಿಯ ಸಮೇತ ಎಲ್ಲೆಲ್ಲಿಗೋ ಹೋಯಿತು. ಕೊನೆಗೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ಲಾಠಿ ಹಿಡಿದು ಬಂದು, ಗಂಭೀರವಾಗಿ ಹೇಳಿದ: "ಈ ಹುಲಿ ವಾರಾತು ಕುಂತಲ್ಲೇ ಕುಂತೈತಿ, ಏನೂ ತಿಂದಿಲ್ಲ ಅಂತ ಕಂಪ್ಲೇಂಟ್ ಬಂದೈತ್ರಿ."

ಸರ್ ಶಟರಿನ ಮೇಲೆ ಹೊಸ ಸುತ್ತು ಎಳೆದರು: "ಜೀಪುಗಳ ಗದ್ದಲ." ಅದರ ಬಾಣ ಹುಲಿಗೆ ಹೋಗಲಿಲ್ಲ, ನೇರ "ಇಲ್ಲೇ ಇರಬೇಕು" ಎಂಬುದಕ್ಕೇ ಹೋಯಿತು. ಹುಲಿ ನಿಂತಿದೆ, ಮಂಗಗಳು ಬಿದ್ದಿವೆ, ಆದರೂ ನಾವು ಸೋತಿದ್ದೇವೆ. ಹೊಸ ಮಾತು ಒಬ್ಬಂಟಿಯಾಗಿ ಬರುವುದಿಲ್ಲ, ನೆಂಟರನ್ನೂ ಕರೆತರುತ್ತದೆ ಎಂದು ಸರ್ ನಗುತ್ತ ವಿವರಿಸಿದರು. ಅವರಿಗೆ ಯಾರು ಗೆದ್ದರೂ ಸಂತೋಷವೇ, ಅದೇ ನಮ್ಮ ಹೊಟ್ಟೆ ಉರಿಸುತ್ತಿದ್ದುದು. ಮರುದಿನ ಬೆಳಿಗ್ಗೆ ಹುಲಿಯನ್ನು ಇಳಿಸಿದೆವು. ಜೀಪು ಬರುವುದು ತಪ್ಪಿತು, ಗದ್ದಲದ ಮಾತು ಬಿತ್ತು. ಅಂದೇ ಮಧ್ಯಾಹ್ನ ಮಂಗಗಳು ಬಂದು ಎರಡು ಹೆಂಚು ಒಡೆದವು.

ಕೊನೆಗೆ ನಾನೇ ಉಪಾಯ ಕೊಟ್ಟೆ. ಹೆಂಚಿನ ಮೇಲೆ ತಗಡು ಹೊದಿಸುವುದು. ಮೇಸ್ತ್ರಿ ಹಳೆಯ ತಗಡು ತಂದು ತಾನೇ ಹತ್ತಿ ಬಿಗಿದ. ಮಂಗಗಳಿಗೆ ಒಡೆಯಲು ಏನೂ ಉಳಿಯಲಿಲ್ಲ, ಹಾಗಾಗಿ ಕುಣಿಯತೊಡಗಿದವು. ಒಳಗೆ ಡೊಳ್ಳು ಬಾರಿಸಿದ ಹಾಗೆ. ಕೊನೆಯ ಶುಕ್ರವಾರ ಸರ್ "ತಗಡಿನ ಸದ್ದು" ಎಂದು ಬರೆದು, ಇನ್ನೇನು ಬಾಣ ಎಳೆಯಬೇಕು, ಮೇಸ್ತ್ರಿ ಅವರ ಕೈ ಹಿಡಿದ. "ನಿಮಗ ಎಡಗಿವಿ ಕೇಳೂದಿಲ್ಲ. ಬಲಗಿವಿ ದಿಂಬಿಗಿಟ್ಟು ಮಲಗ್ರಿ. ಬಾಣ ಎಲ್ಲಿಂದ ಬರತೈತಿ?"

ಸರ್ ಗಾಳಿಯಲ್ಲಿ ಬೆರಳು ಸುತ್ತಿಸಿ ಯೋಚಿಸಿದರು. ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. "ಬರೋಬರಿ ಐತಿ" ಎಂದು ಸೀಮೆಸುಣ್ಣ ಕೆಳಗಿಟ್ಟರು. "ಇಲ್ಲೇ ಇರಬೇಕು" ನಿಂತಿತ್ತು. ಮೇಸ್ತ್ರಿ ಮಿರ್ಚಿಭಜಿಗೆ ಹೇಳಿ ಕಳಿಸಿದ. ನನಗೆ ಕುಣಿಯಬೇಕೆನ್ನಿಸಿತು.

ಆಗ ವೈನಿ ಹೊರಗೆ ಬಂದರು. ಇಷ್ಟು ವರ್ಷಗಳಲ್ಲಿ ಅವರು ಶಟರಿನ ಹತ್ತಿರ ಬಂದವರೇ ಅಲ್ಲ, ಬಾಗಿಲಿನಿಂದಲೇ ಚಹಾ ಕೊಟ್ಟು ಹೋಗುತ್ತಿದ್ದರು. ಕೈಯಲ್ಲಿ ರಂಗೋಲಿಯ ಸುಣ್ಣದ ಕಡ್ಡಿ ಇತ್ತು.

"ತಗಡಿನ ಸದ್ದು ನನಗ ಕೇಳತೈತಿ. ಅದಿರಲಿ" ಎಂದರು. "ಮಂಗ್ಯಾನ ಕೇಳಿದ್ರಿ, ಹುಲೀನ ಕೇಳಿದ್ರಿ. ನನ್ನ ಯಾರೂ ಕೇಳಲಿಲ್ಲ."

ಅವರು ಒಂದೇ ಎಳೆತಕ್ಕೆ ಸುತ್ತು ಬರೆದರು. ಆ ಏರುತಗ್ಗಿನ ಶಟರಿನ ಮೇಲೆ ಅಷ್ಟು ದುಂಡನೆಯ ಸುತ್ತು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಒಳಗೆ ಬರೆದರು: "ಅಕ್ಕಗ ಕಣ್ಣು ಕಾಣೂದಿಲ್ಲ." ಅಲ್ಲಿಂದ ನಡುವಿನ ದೊಡ್ಡ ಸುತ್ತಿಗೆ ನೆಟ್ಟಗೆ ಒಂದು ಬಾಣ. ಧಾರವಾಡದ ಅಕ್ಕನಿಗೆ ಕಣ್ಣು ಮಂಜಾಗುತ್ತ ಬಂದು, ಈಗ ಒಲೆಯ ಉರಿಯೂ ಕಾಣದಂತಾಗಿತ್ತಂತೆ. ಆಪರೇಷನ್ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

ಮೇಸ್ತ್ರಿ ಸೀಮೆಸುಣ್ಣ ಎತ್ತಿಕೊಂಡ. ಶಟರಿನ ಮುಂದೆ ನಿಂತ. ಮತ್ತೆ ಅದನ್ನು ಟೈರಿನ ಮೇಲಿಟ್ಟು, "ಇದಕ್ಕ ನನ್ನ ಕಡೆ ಬಾಣ ಇಲ್ರಿ ವೈನಿ" ಎಂದ. ಸರ್ ತಲೆ ತಗ್ಗಿಸಿದ್ದರು. ಅವತ್ತು ಮಾತ್ರ ಅವರು ಸಂತೋಷದಿಂದ ಸೋಲಲಿಲ್ಲ. ತಮ್ಮ ಮನೆಯ ಮಾತನ್ನೇ ಬರೆಯಲು ಮರೆತಿದ್ದಕ್ಕೆ ಅವರಿಗೆ ನಾಚಿಕೆಯಾಗಿತ್ತು. ಮಿರ್ಚಿಭಜಿ ಬಂತು, ಯಾರೂ ಮುಟ್ಟಲಿಲ್ಲ. ಮುಂದಿನ ವಾರ ಅವರು ಧಾರವಾಡಕ್ಕೆ ಹೋದರು. ಬಸ್ಸು ಹೊರಡುವಾಗ ಕಿಟಕಿಯಿಂದ ಸರ್ ಹೇಳಿದ್ದು ಒಂದೇ ಮಾತು: "ಅಳಿಸಬ್ಯಾಡ್ರಿ ಮೇಸ್ತ್ರಿ."

ಮಳೆಗಾಲ ಬರುವ ಮೊದಲು ಮೇಸ್ತ್ರಿ ಸೀಮೆಸುಣ್ಣದ ಗೆರೆಗಳ ಮೇಲೆಲ್ಲ ಬಿಳಿ ಆಯಿಲ್ ಪೇಂಟ್ ಎಳೆದ. ಹುಲಿ, ಮಂಗ, ಜೀಪು, ಯಾವುದನ್ನೂ ಬಿಡಲಿಲ್ಲ. ಹೊಸಬರು ಅದನ್ನು ಪ್ರವಾಸಿ ನಕ್ಷೆ ಎಂದುಕೊಳ್ಳುತ್ತಿದ್ದರು. ಕ್ಯಾಸಲ್‌ರಾಕ್ ಕಡೆ ಹೊರಟಿದ್ದವರೊಬ್ಬರು ಬೈಕ್ ನಿಲ್ಲಿಸಿ, ಈ ಮಂಗಗಳ ಜಾಗ ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಮೇಸ್ತ್ರಿ ತಲೆಯ ಮೇಲೆ ಕೈ ತೋರಿಸಿದ. ಶುಕ್ರವಾರ ನಾವಿಬ್ಬರೂ ಅದರ ಮುಂದೆ ಕೂತು ಚಹಾ ಕುಡಿಯುತ್ತಿದ್ದೆವು. ಜಗಳಕ್ಕೆ ರುಚಿಯೇ ಇರಲಿಲ್ಲ. ನಾನು ಏನು ಹೇಳಿದರೂ ಮೇಸ್ತ್ರಿ ಹೂಂ ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನ ಫೋನು ಬಂತು, ಕಾಲೇಜಿನಲ್ಲಿದ್ದೆ. "ಕನ್ನಡ ಸರ್ರ, ಸರ್ ಫೋನ್ ಮಾಡಿದ್ರು" ಎಂದ. ಅವನಿಗೆ ಉಸಿರು ಹತ್ತಿತ್ತು. "ಒಂದು ಸುತ್ತು ಬರಕೋರಿ ಅಂದ್ರು. ಅದರಾಗ, ಪೊರಿ ತಗದಾರ, ಅಕ್ಕಗ ಕಾಣಾಕ ಹತ್ತೈತಿ, ಅಂತ ಬರೀರಿ ಅಂದ್ರು. ಬಾಣ ಎಲ್ಲಿ ಬಿಡಬೇಕು ನಿಮಗ ಗೊತ್ತೈತಿ ಅಂತ ಫೋನ್ ಇಟ್ಟಬಿಟ್ರು." ಧಾರವಾಡದ ಮನೆಯ ನೆಲದ ಮೇಲೆಲ್ಲ ಸುತ್ತು ಬರೆದು, ಕಾಣದ ಅಕ್ಕನಿಗೆ ಒಂದೊಂದನ್ನೂ ಬಾಯಲ್ಲಿ ಓದಿ ಹೇಳಿ, ಆಪರೇಷನ್ನಿನ ಭಯಗಳನ್ನು ಒಂದೊಂದಾಗಿ ಬೀಳಿಸಲು ಸರ್‌ಗೆ ವರ್ಷದ ಮೇಲೇ ಹಿಡಿಯಿತೆಂದು ಆಮೇಲೆ ತಿಳಿಯಿತು.

ಗ್ಯಾರೇಜು ತೆರೆದಿದ್ದ ಹೊತ್ತು ಅದು. ಮೇಸ್ತ್ರಿ ಗಿರಾಕಿಯನ್ನು ಹೊರಗೆ ನಿಲ್ಲಿಸಿ, ಹಾಡುಹಗಲು ಶಟರು ಎಳೆದು ಸುತ್ತು ಬರೆದ. ಅಕ್ಕನ ಕಣ್ಣಿನ ಮಾತು ಬಿತ್ತು. ನಡುವಿನ ದೊಡ್ಡ ಬದನೆಕಾಯಿ ಎದ್ದು ಕೂತಿತು. ಬನ್ನಿ ಎಂದು ಯಾರೂ ಕರೆಯಲಿಲ್ಲ, ಬರುತ್ತೇವೆ ಎಂದು ಯಾರೂ ಹೇಳಲಿಲ್ಲ. ಶುಕ್ರವಾರ ಸಂಜೆ ಸರ್, ವೈನಿ, ಪಾತ್ರೆಗಳ ಎರಡು ಚೀಲ ಮತ್ತು ಕರಿ ಕನ್ನಡಕದ ಅಕ್ಕ ಬಸ್ಸಿನಿಂದ ಇಳಿದರು. ಹುಲಿಯ ಫೋಟೋ ಈಗಷ್ಟೇ ಕಂಡಿದ್ದೇನೆ, ಮಂಗಗಳನ್ನೂ ನೋಡಬೇಕೆಂದು ಅಕ್ಕ ಜೊತೆಗೆ ಬಂದಿದ್ದರು. ಮಂಗಗಳಿಗೆ ಹೆದರಿ ಬೇರೆ ಯಾರೂ ಬಾಡಿಗೆಗೆ ಬಂದಿರದ ಆ ಮನೆಯೊಳಗೆ ಹೋಗುವ ಮೊದಲು ಸರ್ ಶಟರಿನ ಮುಂದೆ ನಿಂತು ಬಾಣಗಳನ್ನೆಲ್ಲ ತಪಾಸಣೆ ಮಾಡಿದರು. ಮೇಸ್ತ್ರಿ ಒಂದು ಬಾಣ ಸೊಟ್ಟ ಎಳೆದಿದ್ದಾನೆ ಎಂದು ಬೈದರು. ಮೇಸ್ತ್ರಿ ಬೈಸಿಕೊಳ್ಳುತ್ತ ಅತ್ತ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಅದಾದ ಮೇಲೆ ಎಷ್ಟೋ ಶುಕ್ರವಾರಗಳು ಬಂದವು, ಎಷ್ಟೋ ಜಗಳಗಳು. ಹೋದ ತಿಂಗಳು ಸರ್ ಮಧ್ಯಾಹ್ನದ ಚಹಾ ಕುಡಿದು, ಬಲಗಿವಿ ದಿಂಬಿಗಿಟ್ಟು ಮಲಗಿದವರು ಏಳಲಿಲ್ಲ. ತಗಡಿನ ಮೇಲೆ ಮಂಗಗಳು ಕುಣಿಯುತ್ತಲೇ ಇದ್ದವಂತೆ.

ಅದರ ಮುಂದಿನ ಶುಕ್ರವಾರ, ಏನು ಮಾಡುವುದೆಂದು ತಿಳಿಯದೆ ನಾವೆಲ್ಲ ಅಭ್ಯಾಸಬಲದಿಂದ ಅಲ್ಲಿಗೇ ಹೋದೆವು. ಬರೆದಿಡುವುದಷ್ಟೇ ನನಗೆ ಗೊತ್ತಿರುವ ಕೆಲಸ. ಕಿಸೆಯಿಂದ ಸೀಮೆಸುಣ್ಣ ತೆಗೆದು ಶಟರಿನ ಖಾಲಿ ಮೂಲೆಯಲ್ಲಿ ಒಂದು ಸುತ್ತು ಎಳೆದೆ. ಒಳಗೆ "ಸರ್ ಇನ್ನಿಲ್ಲ" ಎಂದು ಬರೆಯಹೊರಟೆ. "ಸರ್" ಎಂಬಲ್ಲಿಗೆ ಬರುವಷ್ಟರಲ್ಲಿ ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದ.

"ಬರೀಬ್ಯಾಡ್ರಿ ಕನ್ನಡ ಸರ್ರ" ಎಂದ. "ಆ ಮಾತಿಗೆ ಯಾರ ಕಡೆನೂ ಬಾಣ ಇಲ್ಲ. ಬರದ್ರ ನಿಂತಬಿಡತೈತಿ."

ಅವನು ಜುಬ್ಬಾದ ತೋಳು ಮೇಲೇರಿಸಿ, ಸೊಂಟದಿಂದ ಬೀಗದ ಕೈ ತೆಗೆದು, ಬಗ್ಗಿ ಶಟರನ್ನು ಮೇಲೆ ತಳ್ಳಿದ. ನನ್ನ ಅರೆಬರೆದ ಸುತ್ತು ಉಳಿದವುಗಳ ಜೊತೆ ಸುರುಳಿಯೊಳಗೆ ಹೋಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಶುಕ್ರವಾರ ಗ್ಯಾರೇಜು ತೆರೆಯಿತು.